ಹೊಸ ನೆಲಕ್ಕೆ ಹದಿನಾಲ್ಕು ದಿನ

೬ ಜನವರಿ ೧೯೮೬, ಸೋಮವಾರ

ಕಡೆಗೂ ಹಳೆಯ ನೆಲವನ್ನು ಒಡೆದು ಹಾಕಿಸಿದೆ. ನಮ್ಮ ಶೀತಲೀಕರಣ ಕೇಂದ್ರದಲ್ಲಿ ಹಾಲು ಇಳಿಸಿಕೊಳ್ಳುವ ಅಂಕಣಕ್ಕೆ ಹನ್ನೆರಡು ವರ್ಷಗಳ ಹಿಂದೆ ಹಾಸಿದ್ದ ಸಿಮೆಂಟು ಅದು. ಚೆಲ್ಲಿದ ಹಾಲು ಹುಳಿಯಾಗುತ್ತದೆ, ಆ ಹುಳಿ ಸಿಮೆಂಟನ್ನು ತಿನ್ನುತ್ತದೆ. ತಿಂದು ತಿಂದು ಜಲ್ಲಿಯ ಹಲ್ಲುಗಳು ಹೊರಬಿದ್ದಿದ್ದವು. ಕುಳಿಗಳಲ್ಲಿ ನಿಂತ ಹಾಲಿನ ವಾಸನೆ ಪಕ್ಕದ ಭಾಗ್ಯನಗರದ ಮೊದಲ ಓಣಿಯವರೆಗೂ ಹೋಗುತ್ತಿತ್ತು.

ಹೊಸ ಕಾಂಕ್ರೀಟಿನ ತಳವನ್ನು ಗೌಂಡಿ ಜಿಲಾನಸಾಬ ಇಂದು ಸಂಜೆ ಮುಗಿಸಿದ. ಅದು ಒಣಗಿದ ಮೇಲೆ ಎಪಾಕ್ಸಿ ಎಂಬ ರಾಳದ ಹೊದಿಕೆ ಬರಲಿದೆ. ಹುಬ್ಬಳ್ಳಿಯ ಒಂದು ಔಷಧ ಕಾರ್ಖಾನೆಯಲ್ಲಿ ಅದನ್ನು ಕಣ್ಣಾರೆ ಕಂಡು ಬಂದು, ಸಂಘದ ಆಡಳಿತ ಮಂಡಳಿಗೆ ಒಂದು ಗಂಟೆ ವಿವರಿಸಿ ಒಪ್ಪಿಸಿದವನು ನಾನು. ಅದು ಹುಳಿಗೆ ಬಗ್ಗುವುದಿಲ್ಲ. ಅದರಲ್ಲಿ ಸಂದಿಲ್ಲ, ಬಿರುಕಿಲ್ಲ. ಇಪ್ಪತ್ತು ವರ್ಷ ಬಾಳುತ್ತದೆ ಎಂದು ಬರೆದುಕೊಟ್ಟಿದ್ದೇನೆ. ಬಾಳುತ್ತದೆ.

ತಳಕ್ಕೆ ನೀರುಣಿಸುವ ವಿಷಯದಲ್ಲಿ ಮಾತ್ರ ನಾನು ಯಾರನ್ನೂ ನಂಬುವುದಿಲ್ಲ. ಹೋದ ವರ್ಷ ಕೇಂದ್ರದ ಪಡಸಾಲೆಯ ಹೊಸ ನೆಲಕ್ಕೆ ನಾಲ್ಕನೆಯ ದಿನವೇ ಹೊರಗಿನವರು ಯಾರೋ 'ಸಾಕು' ಎಂದರಂತೆ, ನೀರು ಹಾಕುವುದನ್ನೇ ಬಿಟ್ಟುಬಿಟ್ಟರು. ನೆಲ ಹಪ್ಪಳದಂತೆ ಒಡೆಯಿತು. ಆದ್ದರಿಂದ ಇಂದು ಆದೇಶ ಪುಸ್ತಕದಲ್ಲಿ ಹೀಗೆ ಬರೆದೆ: 'ಈ ಕೇಂದ್ರದಲ್ಲಿ ಹೊಸದಾಗಿ ಹಾಕುವ ಯಾವುದೇ ನೆಲಕ್ಕೆ ಮರುದಿನ ಬೆಳಗಿನಿಂದ ಹದಿನಾಲ್ಕು ದಿನಗಳವರೆಗೆ ನೀರು ನಿಲ್ಲಿಸತಕ್ಕದ್ದು. ಹೊರಗಿನವರ ಮಾತಿಗೆ ಕಿವಿಗೊಟ್ಟು ಇದನ್ನು ತಪ್ಪಿಸಕೂಡದು. ತಪ್ಪಿದಲ್ಲಿ ಸಂಬಂಧಪಟ್ಟ ನೌಕರರೇ ಹೊಣೆಗಾರರು.' ಇನ್ನು ಮುಂದೆ ಪ್ರತಿ ಸಲವೂ ಹೊಸದಾಗಿ ಬರೆಯುವ ಅಗತ್ಯ ಬೀಳದಂತೆ ಯೋಚಿಸಿ ಕಟ್ಟಿದ ವಾಕ್ಯಗಳು. ಕಸಗುಡಿಸುವ ಮುದಕಮ್ಮನಿಗೆ ಓದು ಬಾರದು. ಎಂದಿನಂತೆ ಎರಡು ಸಲ ಗಟ್ಟಿಯಾಗಿ ಓದಿ ಹೇಳಿ, ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಂಡೆ.

೧೪ ಜನವರಿ, ಮಂಗಳವಾರ

ಸಂಕ್ರಾಂತಿ. ರಜೆಯಾದರೂ ಒಮ್ಮೆ ಕೇಂದ್ರಕ್ಕೆ ಹೋಗಿ ಬಂದೆ. ಮುದಕಮ್ಮ ಇದ್ದಳು. ಗೌಂಡಿಗಳು ಮಾಡುವಂತೆ ಕೆಸರಿನ ಸಣ್ಣ ಒಡ್ಡು ಕಟ್ಟಿ, ತಳವನ್ನೆಲ್ಲ ಚೌಕ ಚೌಕ ಮಾಡಿ ನೀರು ನಿಲ್ಲಿಸಿದ್ದಾಳೆ. ಒಡ್ಡುಗಳು ದಾರ ಹಿಡಿದಂತೆ ನೇರವಾಗಿವೆ. ಹಬ್ಬದ ದಿನ ಬಂದೆಯಲ್ಲ ಎಂದರೆ, ನೆಲಕ್ಕೆ ಹಬ್ಬ ಗೊತ್ತಾಗುವುದಿಲ್ಲವೆಂದು ಹೇಳಿ ಎಳ್ಳುಬೆಲ್ಲ ಕೊಟ್ಟಳು.

ಹನ್ನೊಂದು ವರ್ಷ ದಿನಗೂಲಿಯಾಗಿ ದುಡಿದಿದ್ದಾಳೆ. ಏಪ್ರಿಲ್ ಒಂದರಿಂದ ಕಾಯಂ ಮಾಡಬೇಕಾದವರ ಪಟ್ಟಿಯಲ್ಲಿ ಅವಳ ಹೆಸರನ್ನು ನಾನೇ ಸೇರಿಸಿದ್ದೇನೆ. ಕಡತದಲ್ಲಿ ಒಂದು ಕೆಟ್ಟ ಷರಾ ಬಿದ್ದರೂ ಹೆಸರು ಹೋಗುತ್ತದೆ, ಮುಂದಿನ ಪಟ್ಟಿಯ ಹೊತ್ತಿಗೆ ಅವಳ ವಯಸ್ಸು ಮೀರಿರುತ್ತದೆ. ಅವಳ ಕಡತದಲ್ಲಿ ಈವರೆಗೆ ಏನೂ ಇಲ್ಲ, ಕಲೆ ಬಿದ್ದಿಲ್ಲ.

ನನ್ನದೂ ಒಂದು ಕಾಗದ ಮಂಡಳಿಯ ಮುಂದಿದೆ. ಮೇ ಕೊನೆಗೆ ನಿವೃತ್ತಿ. ಹೊಸ ನೆಲವನ್ನು ಕಣ್ಣಿಟ್ಟು ನೋಡಿಕೊಳ್ಳಲು ನನ್ನನ್ನು ಇನ್ನೊಂದು ವರ್ಷ ಮುಂದುವರಿಸಬೇಕೆಂದು ಅಧ್ಯಕ್ಷ ದುರುಗಪ್ಪನವರು ತಾವಾಗಿಯೇ ಬರೆಸಿದ್ದಾರೆ. ಆಗುವುದರಲ್ಲಿ ಸಂದೇಹವಿಲ್ಲ. ನೆಲವನ್ನು ಅರಿತವನು ಬೇರೆ ಯಾರಿದ್ದಾರೆ?

೧೮ ಫೆಬ್ರವರಿ, ಮಂಗಳವಾರ

ಇದು ನನ್ನ ಸೇವೆಯ ಉತ್ತಮ ದಿನಗಳಲ್ಲೊಂದು. ಹದಿನಾಲ್ಕು ದಿನ ನೀರು, ಅನಂತರ ನಾಲ್ಕು ವಾರ ಒಣಗುವಿಕೆ. ತಳ ಕಂಚಿನಂತೆ ಸದ್ದು ಕೊಡುತ್ತಿತ್ತು. ರಾಳ ಹಾಸುವ ತಿರುಪತಿ ತನ್ನ ಇಬ್ಬರು ಆಳುಗಳೊಂದಿಗೆ ನಿನ್ನೆಯೇ ಬಂದಿದ್ದ. ಗಂಗಾವತಿಯ ಕಡೆಯವನು, ಮುಂಬಯಿಯಲ್ಲಿ ಕೆಲಸ ಕಲಿತವನು. ತಳದ ಮೇಲೆ ಪ್ಲಾಸ್ಟಿಕ್ ಹಾಳೆಯ ಅಂಚುಗಳನ್ನು ಅಂಟಿಸಿ ರಾತ್ರಿಯಿಡೀ ಬಿಟ್ಟಿದ್ದ. ಬೆಳಿಗ್ಗೆ ಹಾಳೆಯ ಒಳಗೆ ಬೆವರಿಲ್ಲದ್ದನ್ನು ನೋಡಿ, ತಳದ ಹೊಟ್ಟೆಯಲ್ಲಿ ನೀರಿಲ್ಲವೆಂದು ಒಪ್ಪಿದ.

ಎರಡು ದ್ರವಗಳು. ಒಂದು ರಾಳ, ಇನ್ನೊಂದು ಅದನ್ನು ಗಟ್ಟಿಯಾಗಿಸುವಂಥದು. ಕೂಡಿಸಿ ಕಲಕಿದರೆ ಡಬ್ಬಿಯೇ ಬಿಸಿಯಾಗುತ್ತದೆ, ಅರ್ಧ ಗಂಟೆಯೊಳಗೆ ಹಾಸಿ ಮುಗಿಸಬೇಕು. ಹಲ್ಲುಳ್ಳ ಕರಣೆಯಿಂದ ಎಳೆಯುತ್ತ ಅವರು ಹಿಂದೆ ಹಿಂದೆ ಸರಿದು ಬಾಗಿಲಿಗೆ ಬಂದರು. ಹಸುರು ಮಿಶ್ರಿತ ಬೂದು ಬಣ್ಣ. ಸಂಜೆಯ ಬೆಳಕಿನಲ್ಲಿ ಕಿಟಕಿಯ ಸರಳುಗಳು ನೆಲದೊಳಗೆ ತಲೆಕೆಳಗಾಗಿ ಕಾಣುತ್ತಿದ್ದವು.

ಮೂರು ದಿನ ಓಡಾಟವಿಲ್ಲ, ಏಳು ದಿನ ಒಂದು ಹನಿ ನೀರು ತಾಗಕೂಡದು ಎಂದು ತಿರುಪತಿ ನನಗೆ ಹೇಳಿದ. ಹಾಲು ಇಳಿಸುವುದನ್ನು ಇನ್ನೂ ಹತ್ತು ದಿನ ತಗಡಿನ ಚಪ್ಪರದಲ್ಲೇ ಮುಂದುವರಿಸಲು ಹೇಳಿದೆ. ಹಮಾಲ ಹನಮಪ್ಪನನ್ನೂ ಅವನ ಜೊತೆಯವರನ್ನೂ ಸಾಲಾಗಿ ನಿಲ್ಲಿಸಿ, ಒಳಗೆ ಕಾಲಿಡಬಾರದೆಂದು ಹೇಳಿದೆ. ನಾಳೆ ಬೆಳಿಗ್ಗೆ ಕುಷ್ಟಗಿ, ಹನುಮಸಾಗರ, ಯಲಬುರ್ಗಾದ ಹಳ್ಳಿ ಸಂಘಗಳ ತಪಾಸಣೆಗೆ ಹೊರಟು ಶುಕ್ರವಾರ ಬರುತ್ತೇನೆ. ಬೀಗದಕೈ ಮುದಕಮ್ಮನ ಬಳಿ ಇದೆ. ಅವಳಿಗೆ ಬೇರೆ ಹೇಳಬೇಕಾದದ್ದೇನೂ ಇಲ್ಲ; ಆದೇಶಗಳೆಲ್ಲ ಅವಳಿಗೆ ಗೊತ್ತಿವೆ.

೨೧ ಫೆಬ್ರವರಿ, ಶುಕ್ರವಾರ

ನೆಲ ಕೆಟ್ಟಿದೆ.

ಮಧ್ಯಾಹ್ನ ಬಸ್ಸಿನಿಂದಿಳಿದು ಮನೆಗೂ ಹೋಗದೆ ಕೇಂದ್ರಕ್ಕೆ ನಡೆದೆ. ಅಂಕಣದ ಬಾಗಿಲಲ್ಲಿ ಹನಮಪ್ಪ ನಿಂತು ನಗುತ್ತಿದ್ದ. ಒಳಗಿದ್ದ ಮುದಕಮ್ಮನಿಗೆ ಅವನು ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು: "ಏನ ಆಯಿ, ಗಂಗಾವತಿಗೆ ಹೋಗೂದು ಬ್ಯಾಡಂತ ಇಲ್ಲೇ ಭತ್ತ ನಾಟಿ ಮಾಡಾಕ ಹತ್ತೀಯೇನು?"

ಇಣುಕಿದೆ. ಆ ಕನ್ನಡಿಯಂಥ ನೆಲದ ಮೇಲೆ, ದಾರ ಹಿಡಿದಂತೆ ನೇರವಾದ ಕೆಸರಿನ ಒಡ್ಡುಗಳು. ಚೌಕ ಚೌಕವಾಗಿ ಒಂದು ಬೆರಳು ನೀರು. ಮುದಕಮ್ಮ ಮೂಲೆಯಲ್ಲಿ ಕೊಡ ಹಿಡಿದು ನಿಂತಿದ್ದಳು. ನನ್ನನ್ನು ಕಂಡು ಸೆರಗು ಸರಿಪಡಿಸಿಕೊಂಡು, "ಒಂದು ಹೊತ್ತೂ ತಪ್ಪಿಸಿಲ್ರಿ ಸಾಹೇಬ್ರ," ಎಂದಳು.

ನಾನು ಏನೆಂದೆನೋ ಎಲ್ಲವೂ ನೆನಪಿಲ್ಲ. ಹಮಾಲರೆಲ್ಲ ಚಪ್ಪರದಿಂದ ಓಡಿ ಬಂದರು. ಅವಳು ಕೊಡವನ್ನು ಕೆಳಗಿಟ್ಟಳು. ಒಡ್ಡುಗಳನ್ನು ಕೈಯಿಂದಲೇ ಬಳಿದು ಬುಟ್ಟಿಗೆ ತುಂಬಿದಳು. ನೀರು ಬಳಿದು ಹೊರಚೆಲ್ಲಿದ ಮೇಲೆ ನೋಡಿದರೆ ನೆಲದ ತುಂಬ ಬಿಳಿಯ ಮಬ್ಬು, ತೊನ್ನಿನಂತೆ. ಬೆರಳಿಟ್ಟಲ್ಲಿ ಅಂಟು.

ರಾತ್ರಿ ಊಟ ಸೇರಲಿಲ್ಲ. ನೆಲದ ವಿಚಾರ ಬಿಟ್ಟು ಉಣ್ಣಿರೆಂದು ಮನೆಯಾಕೆ ಎರಡು ಸಲ ಹೇಳಿದಳು.

೨೨ ಫೆಬ್ರವರಿ, ಶನಿವಾರ

ಅಧ್ಯಕ್ಷರು ಬೇವೂರಿನಿಂದ ಬಂದು ನೋಡಿ ಹೋದರು. ಮಾರ್ಚ್ ಇಪ್ಪತ್ತೈದರ ಸಭೆಗೆ ವರದಿ ಬೇಕಂತೆ: ನೀರು ಹಾಕಿದವರು ಯಾರು, ಏಕೆ ಹಾಕಿದರು, ಮುಂದೇನು. ಕುಳಿತು ಬರೆದೆ. ನಾಲ್ಕು ಪುಟಗಳಾದವು, ಚೆನ್ನಾಗಿ ಬಂದಿದೆ. ಎಪಾಕ್ಸಿಯ ಗುಣ, ನೆಲದ ಬಾಳಿಕೆಗೆ ಪಾಲಿಸಬೇಕಾದ ಎಚ್ಚರಿಕೆಗಳು, ನಾನು ಅಂದು ಪ್ರವಾಸದಲ್ಲಿದ್ದ ಸಂಗತಿ, ಎಲ್ಲವೂ ಕ್ರಮವಾಗಿ ಬಂದಿವೆ. ಮೂರನೆಯ ಪುಟದಲ್ಲಿ: 'ಮುದಕಮ್ಮ ಎಂಬ ದಿನಗೂಲಿ ಕೆಲಸದವಳು ಯಾರನ್ನೂ ಕೇಳದೆ, ಅಜ್ಞಾನದಿಂದಲೂ ಅಲಕ್ಷ್ಯದಿಂದಲೂ ನೀರು ನಿಲ್ಲಿಸಿದ್ದಾಳೆ.' ಓದಿದರೆ ಯಾರಿಗೂ ಅನುಮಾನ ಉಳಿಯಲಾರದು.

೨೪ ಫೆಬ್ರವರಿ, ಸೋಮವಾರ

ತಂತಿ ಕೊಟ್ಟು ಕರೆಸಿದ್ದ ತಿರುಪತಿ ಬಂದ. ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತು, ಉಗುರಿನಿಂದ ಗೀರಿ, ಮೂಸಿ ನೋಡಿದ. ನೆಲದ ಮೈ ಗಟ್ಟಿಯಿದೆ, ತೊಗಲು ಮಾತ್ರ ಕೆಟ್ಟಿದೆ ಎಂಬುದು ಅವನ ತೀರ್ಮಾನ. ಮೊದಲು ಸಾಬೂನಿನ ನೀರಿನಿಂದ ತಿಕ್ಕಿ ಮಬ್ಬನ್ನು ತೊಳೆಯಬೇಕು. ಪೂರ್ತಿ ಒಣಗಿದ ಮೇಲೆ ಮರಳುಕಾಗದದಿಂದ ಅಂಗುಲ ಅಂಗುಲವೂ ಉಜ್ಜಬೇಕು. ಅಂಟು ಒಂದು ಬೆರಳಗಲ ಉಳಿದರೂ ಮೇಲಿನ ಹೊಸ ಹೊದಿಕೆ ಅಲ್ಲಿ ಎದ್ದು ಬರುತ್ತದೆ. ಯಂತ್ರವಿಲ್ಲ, ಕೈಯಿಂದಲೇ ಆಗಬೇಕು. ಮುದಕಮ್ಮ ಆಗಲೇ ತೆಂಗಿನ ನಾರು ತಂದು ಕುಳಿತಿದ್ದಳು.

ತಿರುಪತಿ ಸುಮ್ಮನಿರದೆ ತನ್ನ ತೆಲುಗು ಬೆರೆತ ಮಾತಿನಲ್ಲಿ ಅವಳನ್ನು ಕೇಳಿದ: "ಅಲ್ಲಮ್ಮ, ನೀರು ಬ್ಯಾಡಂತ ಹೋಗುವಾಗ ನಾನೇ ನಿನಗ ಹೇಳಿದ್ದೆ ಕದಾ?"

"ಹೇಳಿದ್ದಿ," ಎಂದಳು. "ನೀ ಹೊರಗಿನಾವ."

"ಹೊರಗಿನಾವಾದ್ರೇನು, ನೆಲ ಹಾಕಿದಾವ ನಾನಲ್ಲೇನು?"

ಅವಳು ನಾರನ್ನು ಕೆಳಗಿಟ್ಟು, ಎದ್ದು ನಿಂತು, ಕೈಕಟ್ಟಿಕೊಂಡು ಹೇಳಿದಳು: "ಈ ಕೇಂದ್ರದಲ್ಲಿ ಹೊಸದಾಗಿ ಹಾಕುವ ಯಾವುದೇ ನೆಲಕ್ಕೆ ಮರುದಿನ ಬೆಳಗಿನಿಂದ ಹದಿನಾಲ್ಕು ದಿನಗಳವರೆಗೆ ನೀರು ನಿಲ್ಲಿಸತಕ್ಕದ್ದು. ಹೊರಗಿನವರ ಮಾತಿಗೆ ಕಿವಿಗೊಟ್ಟು ಇದನ್ನು ತಪ್ಪಿಸಕೂಡದು. ತಪ್ಪಿದಲ್ಲಿ ಸಂಬಂಧಪಟ್ಟ ನೌಕರರೇ ಹೊಣೆಗಾರರು."

ಒಂದು ಅಕ್ಷರವೂ ತಪ್ಪಲಿಲ್ಲ. ಧ್ವನಿಯ ಏರಿಳಿತವೂ ನನ್ನದೇ. ಹನಮಪ್ಪ ಕೂಡ ನಗಲಿಲ್ಲ. ಆಮೇಲೆ ತಿರುಪತಿಗೆ ತನ್ನ ಮಾತಿನಲ್ಲಿ, "ಓದಾಕ ಬರೂದಿಲ್ಲಪಾ ನನಗ. ಸಾಹೇಬ್ರು ಓದಿದ್ದು ಮನಸಿನ್ಯಾಗ ಇಟ್ಕೊಂತೀನಿ. ಹನ್ನೊಂದು ವರ್ಸದ್ದು ಎಲ್ಲಾ ಅದಾವು," ಎಂದು ಹೇಳಿ ಕುಳಿತು ತಿಕ್ಕತೊಡಗಿದಳು.

ಆ ಆದೇಶ ಕಾಂಕ್ರೀಟಿನ ನೆಲವನ್ನು ಕುರಿತದ್ದು. ಅದನ್ನು ಯಾರು ಬೇಕಾದರೂ ಊಹಿಸಬಹುದಾಗಿತ್ತು.

೨೫ ಫೆಬ್ರವರಿ, ಮಂಗಳವಾರ

ಆದೇಶ ಪುಸ್ತಕ ತೆಗೆದು ನೋಡಿದೆ. ಪುಟ ನಲವತ್ತೊಂದು. 'ಯಾವುದೇ ನೆಲಕ್ಕೆ' ಎಂದಿದೆ.

೧ ಮಾರ್ಚ್, ಶನಿವಾರ

ತೊಳೆಯುವುದು ಮುಗಿದು ಉಜ್ಜುವುದು ಆರಂಭವಾಗಿದೆ. ಹಮಾಲರು ಬೆಳಗಿನ ಹಾಲು ಇಳಿಸಿದ ಮೇಲೆ ಒಂದು ಗಂಟೆ ಕೈಹಾಕುತ್ತಾರೆ. ಉಳಿದ ದಿನವೆಲ್ಲ ಮುದಕಮ್ಮ ಒಬ್ಬಳೇ. ಎಲ್ಲಿ ಅಂಟು ಉಳಿದಿದೆ ಎಂಬುದು ಕಣ್ಣಿಗೆ ತಿಳಿಯುವುದಿಲ್ಲ. ಬೆರಳಿಟ್ಟು ನೋಡಿದರೆ ಬೆರಳಿನ ಬೆವರೇ ಮೋಸ ಮಾಡುತ್ತದೆ. ತಿರುಪತಿಯೂ ತಲೆ ಕೆರೆದುಕೊಂಡ.

ಅವಳು ಸೆರಗಿನ ಗಂಟಿನಿಂದ ಒಂದು ಹಿಡಿ ಜೋಳದ ಹಿಟ್ಟು ತೆಗೆದು, ರೊಟ್ಟಿಯ ಹಲಗೆಗೆ ಉದುರಿಸುವಂತೆ ನೆಲದ ಮೇಲೆ ತೆಳ್ಳಗೆ ಉದುರಿಸಿದಳು. ಬಗ್ಗಿ ಮೆಲ್ಲನೆ ಊದಿದಳು. ಒಣಗಿದ ಕಡೆಯಿಂದ ಹಿಟ್ಟು ಹಾರಿಹೋಯಿತು. ಅಂಟಿದ್ದಲ್ಲಿ ಬೆಳ್ಳಗೆ ಕುಳಿತಿತು. ಕುಳಿತಲ್ಲೆಲ್ಲ ಸುತ್ತ ಇದ್ದಿಲಿನಿಂದ ಗೆರೆ ಎಳೆದಳು. ತಿರುಪತಿ ಅದನ್ನು ನೋಡಿ, ಮುಂಬಯಿಯಲ್ಲಿ ತನಗೆ ಇದನ್ನು ಯಾರೂ ಕಲಿಸಲಿಲ್ಲವೆಂದ.

ಊದುವಾಗ ಎದುರು ಬದಿಯಿಂದ ಒಬ್ಬರು ಬೆಳಕಿಗೆ ಅಡ್ಡವಾಗದಂತೆ ಬಗ್ಗಿ ನೋಡಿದರೆ ಅನುಕೂಲ. ಬೇರೆ ಯಾರೂ ಇರಲಿಲ್ಲವಾದ್ದರಿಂದ ನಾನೇ ನೋಡಿದೆ.

ವರದಿಯನ್ನು ಎರಡು ಪುಟಕ್ಕಿಳಿಸಿದ್ದೇನೆ. 'ಅಲಕ್ಷ್ಯದಿಂದಲೂ' ಎಂಬುದು ಹೆಚ್ಚಾಗಿ ಕಂಡಿತು, ತೆಗೆದೆ. ಮಂಡಳಿಯವರಿಗೆ ಓದುವ ವ್ಯವಧಾನ ಕಡಿಮೆ.

೬ ಮಾರ್ಚ್, ಗುರುವಾರ

ಮಂಡಿಗಳು ಊದಿಕೊಂಡಿವೆ. ಮನೆಯಾಕೆ ಹುಲಗಮ್ಮ ಎಣ್ಣೆ ಹಚ್ಚುತ್ತ, ಈ ವಯಸ್ಸಿನಲ್ಲಿ ಎಲ್ಲಿ ಬಿದ್ದಿರೆಂದು ಕೇಳಿದಳು. ಬಿದ್ದಿಲ್ಲ, ಉತ್ತರದ ಗೋಡೆಯ ಬದಿಯಲ್ಲಿ ಎರಡು ಮೊಳದಷ್ಟು ಉಜ್ಜುವುದು ಉಳಿದಿತ್ತು, ಆಳುಗಳ ಕೆಲಸ ಒರಟಾಗಿ ಕಂಡದ್ದರಿಂದ ಕೈಹಾಕಿದೆ, ಅಷ್ಟೆ. ಮರಳುಕಾಗದವನ್ನು ಮರದ ತುಂಡಿಗೆ ಸುತ್ತಿ ಹಿಡಿಯಬೇಕೆಂದು ಮುದಕಮ್ಮ ತೋರಿಸಿದಳು. ಬರಿಗೈಯಲ್ಲಿ ಹಿಡಿದರೆ ಬೆರಳುಗಳ ನಡುವೆ ನೆಲ ಅಂಕುಡೊಂಕಾಗುತ್ತದೆ. ಆಕೆ ಹೇಳಿದ್ದು ಸರಿಯಾಗಿತ್ತು.

ಹನ್ನೊಂದು ವರ್ಷಗಳಲ್ಲಿ ನಾನು ಬರೆದ ಆದೇಶಗಳಲ್ಲಿ ಮತ್ತೇನೇನು ನೆನಪಿದೆ ಎಂದು ಕೆಲಸದ ನಡುವೆ ಆಕೆಯನ್ನು ಕೇಳಿದೆ. ಐದಾರು ಹೇಳಿದರು. ಎಪ್ಪತ್ತೇಳರ ಆದೇಶವೊಂದರಲ್ಲಿ ಮಜ್ಜಿಗೆಯ ಬಿಡುವಿನ ಹೊತ್ತನ್ನು ಹತ್ತು ನಿಮಿಷಕ್ಕಿಳಿಸಿದ್ದೆನಂತೆ. ನನಗೆ ಮರೆತೇಹೋಗಿತ್ತು. ಅವರು ಇಂದಿಗೂ ಹತ್ತೇ ನಿಮಿಷ ಕೂರುವುದು.

೧೧ ಮಾರ್ಚ್, ಮಂಗಳವಾರ

ಉಜ್ಜಿ, ಒರೆಸಿ, ಹಿಟ್ಟೂದಿ ಮುಗಿಯಿತು. ತಿರುಪತಿ ಇಂದು ತೆಳುವಾದ ಹೊದಿಕೆ ಎಳೆದ. ನೀರಿನ ಕೊಡಗಳನ್ನೆಲ್ಲ ಮುದಕಮ್ಮ ತಾವೇ ಹೊತ್ತು ಚಪ್ಪರದಾಚೆ ಬೋರಲು ಹಾಕಿದರು. ಏಳು ದಿನ ಬಾಗಿಲಲ್ಲಿ ಕುಳಿತಿರುತ್ತಾರಂತೆ. ನಾನೂ ಹಾಗೆಯೇ ಕೂರಬೇಕೆಂದುಕೊಂಡಿದ್ದೆ.

೧೪ ಮಾರ್ಚ್, ಶುಕ್ರವಾರ

ಅಧ್ಯಕ್ಷರು ಕರೆಸಿಕೊಂಡಿದ್ದರು. ವರದಿ ಏನಾಯಿತೆಂದರು. ಐದು ಸಾಲಿಗಿಳಿಸಿದ್ದ ಪ್ರತಿಯನ್ನು ಕೊಟ್ಟೆ: 'ಕಳೆದ ಜನವರಿ ಆರರಂದು ನಾನು ಹೊರಡಿಸಿದ ಆದೇಶದಲ್ಲಿ ಯಾವುದೇ ಹೊಸ ನೆಲಕ್ಕೆ ನೀರು ನಿಲ್ಲಿಸುವಂತೆ ವಿಧಿಸಿದ್ದೆ. ಎಪಾಕ್ಸಿ ನೆಲಕ್ಕೆ ಅದು ಸಲ್ಲದೆಂದು ತಿಳಿದೂ ಆದೇಶವನ್ನು ತಿದ್ದಲಿಲ್ಲ. ಮುದಕಮ್ಮನವರು ಆದೇಶವನ್ನು ಪೂರ್ಣವಾಗಿ ಪಾಲಿಸಿದ್ದಾರೆ. ನೆಲವನ್ನು ಸರಿಪಡಿಸಿದವರಲ್ಲಿ ಅವರೇ ಮೊದಲಿಗರು. ಪುಟ ನಲವತ್ತೊಂದರ ನಕಲನ್ನು ಲಗತ್ತಿಸಿದೆ.'

ದುರುಗಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ವಿರುಪಣ್ಣಾರ, ಇದೇನ್ ಬರದೀರಿ? ಕಸ ಹೊಡಿಯಾಕಿ ಹೆಸರು ಬರದು ಕೈ ತೊಳ್ಕೊಳ್ರಿ. ಆಕಿಗೇನು ಓದಾಕ ಬರತೈತಿ, ಕೇಳಾಕ ಬರತಾಳೇನು?"

ಓದಲು ಬಾರದು, ಆದರೆ ಕೇಳಿದರೆ ಪೂರ್ತಿ ಹೇಳಬಲ್ಲರು ಎಂದೆ.

"ನಿಮ್ಮದೊಂದು ವರ್ಸದ ಕಾಗದ ಈ ಮೇಜಿನ ಮ್ಯಾಲ ಐತಿ. ಇದನ್ನ ಅದರ ಬಾಜೂಕ ಇಟ್ರ ಮಂಡಳಿಯಾಗ ನಾ ಏನ್ ಮಾತಾಡ್ಲಿ? ತಪ್ಪು ಮಾಡಿದಾವನ್ನ ಇನ್ನೊಂದು ವರ್ಸ ಇಟ್ಕೊಳ್ರಿ ಅಂತ ಹೇಳ್ಲೇನು?"

ಅವರು ಕೆಟ್ಟವರಲ್ಲ. ನನ್ನ ಒಳಿತಿಗಾಗಿಯೇ ಹೇಳಿದ್ದು. ಹಳೆಯ ನಾಲ್ಕು ಪುಟದ ಪ್ರತಿ ಇದ್ದರೆ ಅದನ್ನೇ ಕೊಡಿ ಎಂದೂ ಸೂಚಿಸಿದರು. ಅದನ್ನು ಹರಿದು ಹಾಕಿದ್ದೆ. ಇರುವ ಪ್ರತಿ ಇದೊಂದೇ ಎಂದೆ. ವರದಿಯು ಚಿಕ್ಕದಾಗಿರುವುದು ಸರ್ವ ವಿಧದಲ್ಲೂ ಲೇಸು.

೨೫ ಮಾರ್ಚ್, ಮಂಗಳವಾರ

ಸಭೆ ನಡೆಯಿತು. ವರದಿಯನ್ನು ಒಪ್ಪಿದರು. ಕಾಯಂ ಪಟ್ಟಿಯಲ್ಲಿ ಮುದಕಮ್ಮನವರ ಹೆಸರು ಉಳಿಯಿತು. ನನ್ನ ಕಾಗದವನ್ನು ಹಿಂದಕ್ಕೆ ಕಳಿಸಿದರು.

ನೆಲ ಅತ್ಯುತ್ತಮವಾಗಿದೆ. ಇಂದು ಮೊದಲ ಸಲ ಕ್ಯಾನುಗಳನ್ನು ಒಳಗೆ ಇಳಿಸಿದೆವು. ಎರಡು ಕಡೆ ಬೇಕೆಂದೇ ಹುಳಿಹಾಲು ಚೆಲ್ಲಿಸಿ, ಒಂದು ಗಂಟೆ ಬಿಟ್ಟು ಒರೆಸಿ ನೋಡಿದೆ, ಕಲೆಯಿಲ್ಲ. ಹನಮಪ್ಪ ಕ್ಯಾನನ್ನು ಎಳೆಯಹೋದಾಗ ಮುದಕಮ್ಮ ಕೂಗುವ ಮೊದಲೇ ಅವನು ಎತ್ತಿದ. ಹಳೆಯ ಟೈರಿನ ತುಂಡುಗಳನ್ನು ಕ್ಯಾನುಗಳ ಕೆಳಗೆ ಇಡುವ ಉಪಾಯ ಅವನದೇ. ನೆಲ ಒದ್ದೆಯಾದಾಗ, ಓರೆಯಿಂದ ನೋಡಿದರೆ, ಆ ಒಡ್ಡುಗಳ ಚೌಕಗಳು ಮೇಲಿನ ಹೊದಿಕೆಯ ಅಡಿಯಲ್ಲಿ ಇನ್ನೂ ತುಸು ಕಾಣುತ್ತವೆ, ನೀರಿಳಿದ ಗದ್ದೆಯ ಮಡಿಗಳಂತೆ. ಒಣಗಿದರೆ ಮಾಯ. ಬಾಳಿಕೆಗೆ ಅದರಿಂದ ಬಾಧಕವಿಲ್ಲವೆಂದು ತಿರುಪತಿ ಹೇಳಿದ್ದಾನೆ. ನೋಡಲೂ ಕೆಟ್ಟದಾಗಿಲ್ಲ.

೧ ಏಪ್ರಿಲ್, ಮಂಗಳವಾರ

ಕಾಯಂ ಆದೇಶವನ್ನು ಓದಿ ಹೇಳಿದೆ. ಮುದಕಮ್ಮ ಕೈಕಟ್ಟಿಕೊಂಡು ಕೇಳಿದರು. ಮುಗಿದ ಮೇಲೆ, "ಇದರಾಗ ನೀರಿಂದೇನೂ ಇಲ್ಲಲ್ರಿ?" ಎಂದರು. ಇಲ್ಲವೆಂದೆ. ಇನ್ನೊಮ್ಮೆ ಓದಿಸಿಕೊಂಡೇ ಹೆಬ್ಬೆಟ್ಟು ಒತ್ತಿದರು.

ಮಜ್ಜಿಗೆಯ ಹೊತ್ತನ್ನು ಇಪ್ಪತ್ತು ನಿಮಿಷ ಮಾಡಿದ್ದೇನೆ.

೩೧ ಮೇ, ಶನಿವಾರ

ಸೇವೆ ಮುಗಿಯಿತು. ಹಾರ, ಶಾಲು, ನಾಲ್ಕು ಭಾಷಣ. ಅವುಗಳಲ್ಲಿ ಬರೆದಿಡುವಂಥದೇನೂ ಇಲ್ಲ.

ಬರೆದಿಡಬೇಕಾದದ್ದು ಮಧ್ಯಾಹ್ನದ ಕೆಲಸ. ನೆಲದ ನಿರ್ವಹಣೆಯ ನಿಯಮಗಳನ್ನು ಬರೆದಿಟ್ಟು ಹೋಗಬೇಕೆಂದು ಆದೇಶ ಪುಸ್ತಕದಲ್ಲಿ ಹೊಸ ಪುಟ ತೆರೆದೆ. ಮುದಕಮ್ಮನವರನ್ನು ಎದುರಿಗೆ ಕೂಡಿಸಿ, ನೀವೇ ಹೇಳಿ, ನಾನು ಬರೆಯುತ್ತೇನೆ ಎಂದೆ. ಅವರು ನೆಲದ ಕಡೆ ನೋಡುತ್ತ ಹೇಳಿದರು; ನಾನು ಬರೆದುಕೊಂಡೆ.

'ಕ್ಯಾನು ಎಳೀಬ್ಯಾಡ್ರಿ, ಎತ್ತಿ ಇಡ್ರಿ. ಹಾಲ ಚೆಲ್ಲಿದ್ರ ಆವಾಗಿಂದ ಆವಾಗ ಒರಸ್ರಿ, ಹುಳಿಯಾಗೂ ಮಟ ಬಿಡಬ್ಯಾಡ್ರಿ. ಕುದಿಯೂ ನೀರ ಹೊಯ್ಯಬ್ಯಾಡ್ರಿ. ಕೈಗೆ ತಾಳಿದ್ರ ನೆಲಕ್ಕೂ ತಾಳತೈತಿ. ಚಪ್ಪಲಿ ಹೊರಗ ಬಿಡ್ರಿ, ಹಳ್ಳು ಬಂದ್ರ ಗೀರತೈತಿ. ಕಡ್ಡಿ ಬಾರಿಗಿ ಬ್ಯಾಡ, ಅರಿವಿ ತೊಗೊಳ್ರಿ. ಎಲ್ಲೆರ ಒಡದ್ರ ಮುಚ್ಚಿಡಬ್ಯಾಡ್ರಿ, ಹೇಳ್ರಿ. ಸಣ್ಣದಿದ್ದಾಗ ತೇಪಿ ಹಾಕಿದ್ರ ದೊಡ್ಡದಾಗೂದಿಲ್ಲ. ಹೊಸಾ ನೆಲ ಹಾಕಿದ್ರ ನೀರ ಹಾಕೂದೋ ಬ್ಯಾಡೋ ಅಂತ ಹಾಕಿದಾವನ್ನ ಕೇಳ್ರಿ.'

ಅವರು ಹೇಳಿದಂತೆಯೇ ಇದೆ; ತಿದ್ದಲು ಹೊತ್ತಿರಲಿಲ್ಲ. ಹೊಣೆಗಾರಿಕೆಯ ಕೊನೆಯ ವಾಕ್ಯವನ್ನೂ ಸೇರಿಸಲಿಲ್ಲ. ಪುಟದಲ್ಲಿ ಜಾಗ ಸಾಲಲಿಲ್ಲ.

ಎರಡು ಸಲ ಗಟ್ಟಿಯಾಗಿ ಓದಿದೆ. ಎಲ್ಲ ಸರಿಯಿದೆಯೆಂದು ತಲೆಯಾಡಿಸಿ, ಹೆಬ್ಬೆಟ್ಟು ಒತ್ತಿ, ಮಸಿಯ ಡಬ್ಬಿಯನ್ನು ನನ್ನ ಕಡೆ ಸರಿಸಿದರು.

"ನೀವೂ ಒತ್ರಿ ಸಾಹೇಬ್ರ."

ನಾನು ಸಹಿ ಮಾಡುತ್ತೇನಲ್ಲ ಎಂದೆ.

"ಸಹಿ ನನಗ ಓದಾಕ ಬರೂದಿಲ್ರಿ. ನಾಳೆ ಬ್ಯಾರೆ ಸಾಹೇಬ್ರು ಬರತಾರ, ಅವರ ಸಹಿನೂ ಹಿಂಗ ಸೊಟ್ಟ ಇರತೈತಿ. ಹೆಬ್ಬಟ್ಟಾದ್ರ ನಾ ಗುರುತ ಹಿಡೀತೀನಿ."

ಅವರ ಮಾತಿನಲ್ಲಿ ನ್ಯಾಯವಿತ್ತು. ಮೂವತ್ನಾಲ್ಕು ವರ್ಷಗಳ ಸೇವೆಯಲ್ಲಿ ನಾನು ಹೆಬ್ಬೆಟ್ಟು ಒತ್ತಿರಲಿಲ್ಲ. ಮೊದಲ ಸಲ ಮಸಿ ಹೆಚ್ಚಾಗಿ ಗುರುತು ಕಲೆಸಿಹೋಯಿತು. ಅವರು ನನ್ನ ಬೆರಳನ್ನು ಹಿಡಿದು, ಸೆರಗಿನ ತುದಿಯಿಂದ ಒರೆಸಿ, ಹೇಗೆ ಹೊರಳಿಸಬೇಕೆಂದು ತೋರಿಸಿದರು. ಎರಡನೆಯದು ಚೆನ್ನಾಗಿ ಮೂಡಿತು. ಅವರ ಗುರುತಿನ ಪಕ್ಕದಲ್ಲಿ, ಅದೇ ಸಾಲಿನಲ್ಲಿದೆ.

ಹೊರಡುವಾಗ ಚಪ್ಪಲಿ ಕೈಯಲ್ಲಿ ಹಿಡಿದು ಅಂಕಣವನ್ನು ದಾಟಿದೆ. ಅವರು ಆಗಷ್ಟೇ ಒರೆಸಿದ್ದರು, ಚೌಕಗಳು ಕಾಣುತ್ತಿದ್ದವು. ಇಪ್ಪತ್ತು ವರ್ಷಕ್ಕೆ ಕಡಿಮೆಯಿಲ್ಲ, ಈ ನೆಲ. ನಾನು ಅಂದು ಬರೆದುಕೊಟ್ಟದ್ದು ಸರಿಯಾಗಿಯೇ ಇತ್ತು.

ಮೂರು ಸಲ ಸಾಬೂನು ಹಾಕಿ ತಿಕ್ಕಿದರೂ ಹೆಬ್ಬೆಟ್ಟಿನ ಗೆರೆಗಳಲ್ಲಿ ಮಸಿ ಉಳಿದಿದೆ. ಹುಲಗಮ್ಮ ಸೀಮೆಎಣ್ಣೆ ತಂದಳು. ಇರಲಿ, ಬೇಡವೆಂದೆ.